ಹಾಡಿಗೆ ಮೊದಲಿನ ಉಸಿರು

“ಗುರುಗಳೇ, ಒಮ್ಮೆ ಸಿಕ್ಕಿದ್ದು ಮತ್ತೆ ಸಿಗಬೇಕಾದರೆ ಯಾವ ಸಾಧನವನ್ನು ಹಿಡಿಯಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಏನು ಸಿಕ್ಕಿತ್ತು?” ಎಂದರು.

“ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಧ್ಯಾನಕ್ಕೆ ಕುಳಿತಿದ್ದೆ. ಮನಸ್ಸು ತಾನಾಗಿಯೇ ನಿಂತಿತು. ಅಂಥ ನೆಮ್ಮದಿಯನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೂ ಕಾಣಲಿಲ್ಲ. ಮಂತ್ರ ಬದಲಿಸಿದೆ. ಆಸನ ಬದಲಿಸಿದೆ. ಕೂರುವ ಹೊತ್ತು ಬದಲಿಸಿದೆ. ಹಂಬಲ ಬೆಳೆಯಿತೇ ಹೊರತು ನೆಮ್ಮದಿ ಬರಲಿಲ್ಲ. ದೋಷ ಸಾಧನದ್ದೋ ನನ್ನದೋ ತಿಳಿಯುತ್ತಿಲ್ಲ.”

ಗುರುಗಳು ಬುಟ್ಟಿಯಿಂದ ಇನ್ನೊಂದು ಹಣ್ಣು ತೆಗೆದುಕೊಂಡರು. “ಒಬ್ಬ ಹತ್ತಿ ವರ್ತಕನ ಕತೆ ಹೇಳುತ್ತೇನೆ, ಕೇಳು” ಎಂದರು.

ಒಂದು ಊರಿನಲ್ಲಿ ಒಬ್ಬ ಹತ್ತಿ ವರ್ತಕನಿದ್ದ. ತಂದೆ ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲೇ ಅಂಗಡಿಯ ಗಾದಿಯ ಮೇಲೆ ಕುಳಿತವನು. ಅಂಗಡಿಯ ಹಿಂದೆಯೇ ಹತ್ತಿಯ ಗಿರಣಿ ಇತ್ತು. ಹಗಲೆಲ್ಲ ಅದರ ಗದ್ದಲ. ಆ ಗದ್ದಲದಲ್ಲೇ ಮಾತಾಡಿದ, ವ್ಯಾಪಾರ ಮಾಡಿದ, ಮಕ್ಕಳನ್ನು ಬೆಳೆಸಿದ. ಮಾತಿಗೆ ತಪ್ಪುವವನಲ್ಲ. ತೂಕದಲ್ಲಿ ಮೋಸ ಮಾಡುವವನಲ್ಲ. ಊರಿನವರು ಅವನಿಗೆ ಏನೂ ಕಡಿಮೆಯಿಲ್ಲ ಎನ್ನುತ್ತಿದ್ದರು.

ಅವನಿಗೆ ಒಂದು ಕಡಿಮೆಯಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂದು ಹೆದರಿದ್ದ. ಅವನಿಗೆ ಬೇಕಾದದ್ದು ಒಂದು ಉಸಿರಿನ ಸದ್ದು.

ಅವನು ಹುಡುಗನಾಗಿದ್ದಾಗ ತಂದೆ ಮನೆಗೆ ಗ್ರಾಮಫೋನು ತಂದಿದ್ದರು. ಜೊತೆಗೆ ಒಬ್ಬ ಹಳೆಯ ಗಾಯಕನ ಪ್ಲೇಟು. ಅದರಲ್ಲಿ ಒಂದು ಬೆಳಗಿನ ರಾಗ. ಮನೆಯಲ್ಲಿ ಹಿರಿಯರು ಯಾರೂ ಇಲ್ಲದ ಒಂದು ದಿನ ಹುಡುಗ ಗ್ರಾಮಫೋನಿನ ಎದುರು ನೆಲದ ಮೇಲೆ ಕುಳಿತು ಕಣ್ಣು ಮುಚ್ಚಿದ. ಮುಳ್ಳು ಪ್ಲೇಟಿನ ಮೇಲೆ ಕರಕರ ಎಂದಿತು. ತಂಬೂರಿ ಕೇಳಿಸಿತು. ಆಗ, ಗಾಯಕ ಬಾಯಿ ತೆರೆಯುವುದಕ್ಕೆ ಮೊದಲು, ಒಂದು ಉಸಿರು ಒಳಗೆ ಹೋದ ಸದ್ದಾಯಿತು. ಮೃದುವಾದ, ತುಂಬು ಉಸಿರು. ಅದು ಮೇಲೆ ಹೋಗಿ ಅಂಚಿನಲ್ಲಿ ನಿಂತಿತು. ಆಮೇಲೆ ಹಾಡು ಬಂತು.

ಹುಡುಗನ ಮೈ ನವಿರೆದ್ದಿತು. ಹಾಡೆಲ್ಲ ಆ ಉಸಿರಿನಲ್ಲೇ ಇದೆ, ಆಮೇಲೆ ಬಂದದ್ದು ಅದು ತುಳುಕಿದ್ದು ಮಾತ್ರ ಎಂದು ಅವನಿಗೆ ಅನ್ನಿಸಿತು. ಮಕ್ಕಳಿಗೆ ಹೀಗೆಲ್ಲ ಅನ್ನಿಸುತ್ತದೆ. ಹೇಳಲು ಮಾತು ಇರುವುದಿಲ್ಲ.

ಕೆಲವೇ ದಿನಗಳಲ್ಲಿ ಮನೆಯಲ್ಲಿ ಮದುವೆ ನಡೆಯಿತು. ಮದುವೆಯ ಗಡಿಬಿಡಿಯಲ್ಲಿ ಯಾರೋ ಎಡವಿ ಗ್ರಾಮಫೋನು ಬಿದ್ದು ಕೆಟ್ಟಿತು. ಅದನ್ನು ಅಟ್ಟಕ್ಕೆ ಹಾಕಿದರು. ಪ್ಲೇಟು ಮಾತ್ರ ಉಳಿಯಿತು. ಹುಡುಗ ಅದನ್ನು ಹತ್ತಿಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟ.

ವರ್ಷಗಳು ಕಳೆದವು. ಮಕ್ಕಳು ಅಂಗಡಿ ವಹಿಸಿಕೊಂಡರು. ವರ್ತಕನ ಹಗಲುಗಳು ಖಾಲಿಯಾದವು. ಖಾಲಿಯಾದ ಹಗಲಿನೊಳಗೆ ಆ ಉಸಿರು ಮತ್ತೆ ಬಂತು. ಊಟಕ್ಕೆ ಕುಳಿತರೆ ಅದೇ ನೆನಪು. ದೇವರ ಮುಂದೆ ಕೈ ಮುಗಿದರೆ ಅದೇ ನೆನಪು. ಸಾಯುವ ಮೊದಲು ಅದನ್ನು ಒಮ್ಮೆ ಕೇಳಬೇಕು ಎಂದುಕೊಂಡ.

ಪ್ಲೇಟು ಹಚ್ಚುವ ಹೊಸ ಯಂತ್ರ ತಂದ. ದೊಡ್ಡ ಸ್ಪೀಕರುಗಳನ್ನು ತಂದ. ಟ್ರಂಕಿನಿಂದ ಪ್ಲೇಟು ತೆಗೆದು ಒರೆಸಿ ಹಚ್ಚಿದ. ಹಾಡು ಬಂತು. ಗಾಯಕನ ಕಂಠ ಹಾಗೆಯೇ ಇತ್ತು. ಉಸಿರು ಕೇಳಿಸಲಿಲ್ಲ. ಹೊರಗೆ ರಸ್ತೆಯಲ್ಲಿ ಲಾರಿ ಹೋಯಿತು. ಒಳಗೆ ಮಿಕ್ಸರ್ ತಿರುಗಿತು. ಇಷ್ಟು ಸದ್ದಿನ ನಡುವೆ ಅಷ್ಟು ಸಣ್ಣದು ಹೇಗೆ ಕೇಳಿಸೀತು ಎಂದುಕೊಂಡ. ಕಿವಿಯನ್ನೆಲ್ಲ ಮುಚ್ಚುವ ಒಳ್ಳೆಯ ಹೆಡ್‌ಫೋನು ತಂದ. ಅದನ್ನು ಹಾಕಿಕೊಂಡರೆ ರಸ್ತೆ ಇಲ್ಲವಾಯಿತು, ಮನೆ ಇಲ್ಲವಾಯಿತು. ಆದರೆ ಹಾಡೂ ಬಡಕಲಾಯಿತು. ಊರಾಚೆ ಯಾರೋ ಹಾಡಿಕೊಂಡು ಹೋಗುತ್ತಿರುವ ಹಾಗೆ ಕೇಳಿಸಿತು.

ಅವನು ದೊಡ್ಡ ಊರಿನಲ್ಲಿ ಹಾಡಿನ ಯಂತ್ರಗಳನ್ನು ಮಾರುವ ಅಂಗಡಿಗೆ ಹೋದ. ಅಂಗಡಿಯವನು ಮಾತುಗಾರ. ಹೆಡ್‌ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದ.

“ಯಜಮಾನರೇ, ನಿಮ್ಮ ಹೆಡ್‌ಫೋನಿನಲ್ಲಿ ದೋಷವಿಲ್ಲ. ಬಂಡಿ ದೊಡ್ಡದು, ಎತ್ತು ಸಣ್ಣದು. ನಿಮ್ಮ ಯಂತ್ರಕ್ಕೆ ಇದನ್ನು ಎಳೆಯುವ ಶಕ್ತಿ ಇಲ್ಲ. ಇದಕ್ಕೆಂದೇ ಬೇರೆ ಆಂಪ್ಲಿಫೈಯರ್ ಬೇಕು. ಅದು ಬಂದರೆ ಹಾಡು ಎದ್ದು ನಿಲ್ಲುತ್ತದೆ.”

“ಸಣ್ಣ ಸದ್ದು ಕೇಳಿಸುತ್ತದೆಯೇ?”

“ಯಾವ ಸದ್ದು?”

ವರ್ತಕ ಹೇಳಲಿಲ್ಲ. “ಸಣ್ಣದು” ಎಂದಷ್ಟೇ ಅಂದ.

ಅಂಗಡಿಯವನು ಹಳೆಯ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವುಗಳಿದ್ದ ಒಂದು ಆಂಪ್ಲಿಫೈಯರ್ ಕೊಟ್ಟ. “ಮನೆಗೆ ಒಯ್ದು ಕೇಳಿ. ಹಿಡಿಸದಿದ್ದರೆ ತನ್ನಿ” ಎಂದ. ವರ್ತಕ ಅದನ್ನು ತಂದು ಜೋಡಿಸಿದ. ವಾಲ್ವುಗಳು ಕೆಂಡದ ಹಾಗೆ ಬೆಳಗಿದವು. ಹಾಡು ಬೆಲ್ಲದ ಪಾಕವಾಯಿತು. ಗಾಯಕ ಎದುರಿಗೆ ಕುಳಿತು ಅವನೊಬ್ಬನಿಗಾಗಿಯೇ ಹಾಡಿದ ಹಾಗಿತ್ತು. ವರ್ತಕನ ಕಣ್ಣು ಒದ್ದೆಯಾಯಿತು. ಆದರೆ ಉಸಿರು ಇರಬೇಕಾದ ಜಾಗದಲ್ಲಿ ವಾಲ್ವುಗಳ ಸಣ್ಣ ಗುಂಯ್‌ಗಾರ ಮಾತ್ರ ಇತ್ತು. ಈ ಸಿಹಿಯೇ ಅದನ್ನು ಮುಚ್ಚಿರಬೇಕು ಎಂದುಕೊಂಡ. ಹಿಂದಕ್ಕೆ ಕೊಟ್ಟ.

ಅಂಗಡಿಯವನು ಇನ್ನೊಂದು ಕೊಟ್ಟ. “ಇದು ತನ್ನದೇನನ್ನೂ ಸೇರಿಸುವುದಿಲ್ಲ, ಇದ್ದದ್ದನ್ನು ಬಿಡುವುದಿಲ್ಲ. ತಿಳಿನೀರು” ಎಂದ.

ಅದು ನಿಜವಾಗಿಯೂ ತಿಳಿನೀರು. ತಂಬೂರಿಯ ಒಂದೊಂದು ತಂತಿ ಬೇರೆಬೇರೆಯಾಗಿ ಕೇಳಿಸಿತು. ಹಾರ್ಮೋನಿಯಂ ಪೇಟಿಯ ತಿದಿ ಒತ್ತಿದ್ದು ಕೇಳಿಸಿತು. ಹಾಡಿನ ನಡುವೆ ಹಿಂದೆ ಕುಳಿತವರಾರೋ ಗಂಟಲು ಸರಿಮಾಡಿಕೊಂಡರು. ಎಲ್ಲೋ ಹೊರಗೆ ಒಂದು ಕಾಗೆ ಕೂಗಿತು. ಆ ಕಾಗೆ ಸತ್ತು ಎಷ್ಟು ಕಾಲವಾಗಿರಬೇಕು! ಅದರ ಕೂಗು ಇತ್ತು. ಹಾಡಿಗೆ ಮೊದಲು ಮಾತ್ರ ಏನೂ ಇರಲಿಲ್ಲ. ಹಿಂದಿನ ಯಂತ್ರಗಳಲ್ಲಿ ಉಸಿರು ಕೇಳಿಸದೆ ಇತ್ತು. ಈ ಯಂತ್ರದಲ್ಲಿ ಅದು ಇಲ್ಲ ಎಂಬುದೇ ಕೇಳಿಸಿತು.

ವರ್ತಕ ನಂಬಲಿಲ್ಲ. ಮುಳ್ಳು ಬದಲಿಸಿದ. ಪ್ಲೇಟನ್ನು ತೊಳೆದ. ಯಾರ ಯಾರ ಮನೆಗೋ ಹೋಗಿ ಅದೇ ಹಾಡಿನ ಇನ್ನೊಂದು ಪ್ಲೇಟು ಹುಡುಕಿ ತಂದ. ಬೆಳಗಿನ ಪೂಜೆ ಮುಗಿದರೆ ಹೆಡ್‌ಫೋನು ಹಾಕಿ ಕೂರುತ್ತಿದ್ದ. ಹಾಡು ಆರಂಭವಾದ ಕೂಡಲೇ ಮುಳ್ಳೆತ್ತಿ ಮತ್ತೆ ಮೊದಲಿಗೆ ಇಡುತ್ತಿದ್ದ. ಹಾಡು ಅವನಿಗೆ ಬೇಡವಾಗಿತ್ತು. ಹೆಂಡತಿ ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ. ಒಮ್ಮೆ ಅವಳು ಬಂದು ಭುಜ ಮುಟ್ಟಿದಳು. ಅವನು ಬೆಚ್ಚಿಬಿದ್ದು ಸಿಟ್ಟಾದ. ಇನ್ನೇನು ಕೇಳಿಸುವುದರಲ್ಲಿತ್ತು, ಇವಳು ಕೆಡಿಸಿದಳು ಎಂದು ಅವನಿಗೆ ತೋರಿತು. ಅಂದಿನಿಂದ ಅವಳು ತಟ್ಟೆಯನ್ನು ತಂದು ಪಕ್ಕದಲ್ಲಿಟ್ಟು, ಮುಚ್ಚಿ, ಹೋಗುತ್ತಿದ್ದಳು.

ಕೊನೆಗೆ ಅವನು ಮತ್ತೆ ಅಂಗಡಿಗೆ ಹೋದ. ಈ ಸಲ ಪ್ಲೇಟನ್ನೂ ಒಯ್ದಿದ್ದ. “ನಿಮ್ಮ ತಿಳಿನೀರಿನಲ್ಲೂ ಅದು ಸಿಗಲಿಲ್ಲ” ಎಂದ.

“ಯಾವುದು ಸಿಗಲಿಲ್ಲ? ಈಗಲಾದರೂ ಹೇಳಿ.”

ವರ್ತಕ ಹೇಳಿದ. ಹೇಳುವಾಗ ಅವನ ದನಿ ತಗ್ಗಿತು. ಅಂಗಡಿಯವನು ನಗಲಿಲ್ಲ. ಪ್ಲೇಟನ್ನು ಹಚ್ಚಿ, ತಾನೇ ಹೆಡ್‌ಫೋನು ಹಾಕಿಕೊಂಡು ಕೇಳಿದ. ಎರಡನೆಯ ಸಲವೂ ಕೇಳಿದ. ಆಮೇಲೆ ವರ್ತಕನನ್ನು ಕೇಳಿದ, “ನೀವು ಹುಡುಗರಾಗಿದ್ದಾಗ ಕೇಳಿದಿರಲ್ಲ, ಆ ಉಸಿರು ಎಡಗಡೆ ಇತ್ತೋ ಬಲಗಡೆ ಇತ್ತೋ?”

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ವರ್ತಕ ಕಣ್ಣು ಮುಚ್ಚಿದ. ಅವನ ಬಲಗೈ ತಾನಾಗಿ ಮೇಲೆದ್ದು ಬಲಭುಜದ ಹತ್ತಿರ ನಿಂತಿತು. “ಇಲ್ಲಿ” ಎಂದ. “ಇಲ್ಲೇ, ಕಿವಿಯ ಪಕ್ಕದಲ್ಲಿ.”

“ಹಾಗಾದರೆ ಅದು ಪ್ಲೇಟಿನದಲ್ಲ ಯಜಮಾನರೇ. ಇದು ಒಂದೇ ಮೈಕಿನ ಮುಂದೆ ಎಲ್ಲರೂ ಕುಳಿತು ಹಾಡುತ್ತಿದ್ದ ಕಾಲದ್ದು. ಇದರಲ್ಲಿ ಎಡ ಬಲ ಎಂಬುದೇ ಇಲ್ಲ.”

ವರ್ತಕನ ಕೈ ಭುಜದ ಹತ್ತಿರವೇ ಉಳಿಯಿತು. ಅವನಿಗೆ ಆ ದಿನ ಮತ್ತೆ ಕಂಡಿತು. ನೆಲದ ತಂಪು. ಕಿಟಕಿಯ ಬಿಸಿಲು. ಕಣ್ಣು ಮುಚ್ಚಿದ ಹುಡುಗ. ಇಷ್ಟು ಕಾಲ ಆ ನೆನಪಿನಲ್ಲಿ ಅವನೊಬ್ಬನೇ ಇದ್ದ. ಈಗ ಬಲತೋಳಿಗೆ ಗಾಜಿನ ಬಳೆಗಳು ತಣ್ಣಗೆ ತಾಗಿದವು. ಅರಿಶಿನದ ವಾಸನೆ ಬಂತು.

ಪಕ್ಕದಲ್ಲಿ ಅಕ್ಕ ಕುಳಿತಿದ್ದಳು.

ಅವನಿಗೆ ಒಬ್ಬಳೇ ಅಕ್ಕ. ನೀಲವ್ವ ಎಂದು ಹೆಸರು. ಚಿಕ್ಕವಳಿದ್ದಾಗ ಹಾಡುತ್ತಿದ್ದಳು. ಒಬ್ಬ ಮಾಸ್ತರರು ಮನೆಗೆ ಬಂದು ಕಲಿಸುತ್ತಿದ್ದರು. ಮದುವೆಗೆ ಮಾತುಕತೆ ನಡೆದಾಗ ಗಂಡಿನ ಕಡೆಯವರು ಹುಡುಗಿ ಹಾಡುವುದು ತಮ್ಮ ಮನೆತನಕ್ಕೆ ಒಪ್ಪದು ಎಂದರು. ತಂದೆ ಆಗಲಿ ಎಂದರು. ಮಾಸ್ತರರು ಬರುವುದು ನಿಂತಿತು. ಮನೆಯಲ್ಲಿ ಇನ್ನು ಮೇಲೆ ದನಿ ತೆಗೆಯಬಾರದು ಎಂದು ತಂದೆ ಅವಳಿಗೆ ಹೇಳಿದರು. ಹಿರಿಯರೆಲ್ಲ ಬೀಗರ ಊರಿಗೆ ಹೋದ ದಿನ ಗ್ರಾಮಫೋನಿನ ಕೀಲಿ ತಿರುಗಿಸಿದವಳು ಅವಳೇ. ಪ್ಲೇಟು ಹಚ್ಚಿದವಳೂ ಅವಳೇ. ತಂಬೂರಿ ಆರಂಭವಾದಾಗ, ಮಾಸ್ತರರು ಕಲಿಸಿದ ಹಾಗೆ, ಗಾಯಕನ ಜೊತೆಗೆ ಹಾಡನ್ನು ಎತ್ತಿಕೊಳ್ಳಲು ಅವಳು ಉಸಿರು ತುಂಬಿಕೊಂಡಳು. ಹಾಡು ಪೆಟ್ಟಿಗೆಯಿಂದ ಬಂತು. ಅವಳಿಂದ ಬರಲಿಲ್ಲ.

ಮದುವೆಗಾಗಿ ಅಕ್ಕ ಹಾಡು ಬಿಟ್ಟದ್ದು ವರ್ತಕನಿಗೆ ಗೊತ್ತಿದ್ದ ಸಂಗತಿಯೇ. ಆದರೆ ಆ ಉಸಿರು ಅವಳದೆಂದು ಅವನು ನೆನೆದಿರಲಿಲ್ಲ. ಹಾಡನ್ನು ಬಿಟ್ಟ ಮೇಲೆ ಅವಳು ಹೇಗಿದ್ದಾಳೆಂದೂ ನೆನೆದಿರಲಿಲ್ಲ. ಮದುವೆಗೆ ಹೋದಾಗ, ಸಾವಿಗೆ ಹೋದಾಗ ಅಕ್ಕನನ್ನು ನೋಡುತ್ತಿದ್ದ. ಆರಾಮೇನು ಎಂದು ಕೇಳುತ್ತಿದ್ದ. ಆರಾಮ ಎಂದು ಅವಳು ಹೇಳುತ್ತಿದ್ದಳು. ಇತ್ತೀಚೆಗೆ ಅವಳಿಗೆ ಕಿವಿ ಮಂದವಾಗಿತ್ತು. ಫೋನಿನಲ್ಲಿ ಮಾತಾಡುವುದೂ ನಿಂತಿತ್ತು.

ಅವನು ಕೈ ಇಳಿಸಿದ. ಆಮೇಲೆ ಅಂಗಡಿಯ ಮೂಲೆಯಲ್ಲಿದ್ದ ಒಂದು ದಪ್ಪ ಆಂಪ್ಲಿಫೈಯರನ್ನು ತೋರಿಸಿದ. “ಅದರ ಗುಣವೇನು?”

“ಅದಕ್ಕೆ ಬಲವೊಂದೇ ಗುಣ. ಯಾವುದಕ್ಕೂ ಅಲುಗಾಡದ ಹೆಡ್‌ಫೋನನ್ನೂ ಎಬ್ಬಿಸುತ್ತದೆ. ನಾಜೂಕು ಕಡಿಮೆ. ನಿಮ್ಮಂಥ ಕಿವಿಗೆ ಅದು ಬೇಡ.”

“ಅದನ್ನೇ ಕೊಡಿ. ನನ್ನ ಕಿವಿಗಲ್ಲ.”

ಮರುದಿನ ಅವನು ಪ್ಲೇಟು, ಯಂತ್ರ, ಹೆಡ್‌ಫೋನು, ಆಂಪ್ಲಿಫೈಯರ್ ಎಲ್ಲವನ್ನೂ ಕಟ್ಟಿಕೊಂಡು ಅಕ್ಕನ ಊರಿಗೆ ಹೋದ. ಅಕ್ಕ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಎದುರಿಗೆ ಬಂದು ನಿಂತ ಮೇಲೆಯೇ ಅವಳಿಗೆ ಗೊತ್ತಾಯಿತು.

“ಅಯ್ಯ, ತಮ್ಮಾ! ಹೇಳದ ಕೇಳದ ಬಂದಿಯಲ್ಲೋ. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?”

“ಆರಾಮ ಅದೀವಿ ಅಕ್ಕಾ.”

ಅವಳು ಅವನ ತುಟಿಗಳನ್ನೇ ನೋಡಿದಳು. ಒಳಗಿನಿಂದ ಬಂದ ಸೊಸೆ, “ಜೋರಾಗಿ ಮಾತಾಡ್ರಿ ಮಾವಾರ. ಅತ್ತಿಯವರಿಗೆ ಕೇಳಸೂದಿಲ್ಲ. ಕಿವಿಗೆ ಹಾಕ್ಕೊಳ್ಳೋ ಮಶೀನು ಕೊಡಿಸೀವಿ. ಕುಂಯ್ ಅಂತೈತಿ ಅಂತ ತಗದಿಟ್ಟಾರ” ಎಂದಳು. ಚಹಾ ಇಡುತ್ತೇನೆಂದು ಒಳಗೆ ಹೋದಳು.

ವರ್ತಕ ಯಂತ್ರವನ್ನು ಬಿಚ್ಚಿ ಜೋಡಿಸಿದ. ಪ್ಲೇಟನ್ನು ಅಕ್ಕನ ಕೈಗೆ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಅದರ ಗೆರೆಗಳನ್ನು ಸವರಿದಳು. ಗುರುತು ಹಿಡಿದಳೆಂದು ಅವನಿಗೆ ತಿಳಿಯಿತು.

“ಈಗ ನನಗ ಹಾಡು ಕೇಳಿಸಿ ಏನ ಮಾಡ್ತಿಯೋ? ಬಾಗಲಾ ಬಡದ್ರ ಕೇಳಸೂದಿಲ್ಲ ನನಗ” ಎಂದಳು. ಆದರೂ ಸೆರಗು ಸರಿಸಿಕೊಂಡು ತಲೆ ಬಗ್ಗಿಸಿದಳು.

ಅವನು ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟ. ಮುಳ್ಳನ್ನು ಪ್ಲೇಟಿನ ಮೇಲೆ ಇಳಿಸಿದ. ಆಂಪ್ಲಿಫೈಯರಿನ ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತ ಅವಳ ಮುಖವನ್ನೇ ನೋಡಿದ. ಮುಖ ಹಾಗೆಯೇ ಇತ್ತು. ಇನ್ನೂ ಸ್ವಲ್ಪ ತಿರುಗಿಸಿದ. ಮುಖ ಹಾಗೆಯೇ ಇತ್ತು. ಮತ್ತೂ ಸ್ವಲ್ಪ. ಆಗ ಅವಳ ಕಣ್ಣು ದೊಡ್ಡದಾಯಿತು. ಮೊರದ ಮೇಲಿದ್ದ ಕೈ ನಿಂತಿತು. ಅವನೂ ಗುಂಡಿಯನ್ನು ಅಲ್ಲೇ ನಿಲ್ಲಿಸಿದ. ಮುಳ್ಳೆತ್ತಿ ಮತ್ತೆ ಮೊದಲಿಗೆ ಇಟ್ಟ.

ಅವನಿಗೆ ಹಾಡು ಕೇಳಿಸುತ್ತಿರಲಿಲ್ಲ. ಪ್ಲೇಟಿಗೆ ಮುಳ್ಳು ತಾಗುವಲ್ಲಿ ಸೊಳ್ಳೆಯಷ್ಟು ಸಣ್ಣ ಸದ್ದು ಇತ್ತು, ಅಷ್ಟೇ. ಪಡಸಾಲೆ ನಿಶ್ಶಬ್ದವಾಗಿತ್ತು. ಅಕ್ಕ ಕಣ್ಣು ಮುಚ್ಚಿದಳು.

ಅವಳು ಉಸಿರು ತುಂಬಿಕೊಂಡಳು.

ಅದೇ ಉಸಿರು. ಮುದುಕಿಯ ಎದೆಯಿಂದ ಬಂದರೂ ಅದೇ ಉಸಿರು. ಮೃದುವಾಗಿ ಮೇಲೆ ಹೋಗಿ ಅಂಚಿನಲ್ಲಿ ನಿಂತಿತು. ಅವನು ಬದುಕಿನುದ್ದಕ್ಕೂ ಬಯಸಿದ್ದು ಅವನ ಕಿವಿಯ ಹತ್ತಿರ ಬಂದಿತ್ತು. ಇನ್ನು ಏನೂ ಬೇಡ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಅಕ್ಕ ಹಾಡಿದಳು.

ದನಿ ಒಡೆದಿತ್ತು. ಸ್ವರ ಅಲುಗಾಡಿತು. ತನ್ನ ದನಿ ಹೊರಗೆ ಬಂದಿದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಹೆಡ್‌ಫೋನು ಹಾಕಿಕೊಂಡವರಿಗೆ ಅದು ತಿಳಿಯುವುದಿಲ್ಲ. ಅವಳು ಗಾಯಕನ ಜೊತೆಗೆ ಹೋದಳು. ಅವನು ಏರಿದಲ್ಲಿ ಏರಲು ನೋಡಿದಳು. ಏರಲಾಗದಲ್ಲಿ ಕೈ ಏರಿತು. ಮೊರ ತೊಡೆಯ ಮೇಲಿಂದ ಜಾರಿ ಜೋಳವೆಲ್ಲ ಚೆಲ್ಲಿತು. ಅದೂ ಅವಳಿಗೆ ತಿಳಿಯಲಿಲ್ಲ.

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆ ಮನೆಗೆ ಅವಳು ಬಂದು ಬಹಳ ಕಾಲವಾಗಿತ್ತು. ಅತ್ತೆಗೆ ಹಾಡು ಬರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಹಾಡು ಮುಗಿಯಿತು. ಅಕ್ಕ ಹೆಡ್‌ಫೋನನ್ನು ಎತ್ತಿ ಕೆಳಗಿಟ್ಟಳು. ತಮ್ಮನ ಕಣ್ಣಲ್ಲಿ ನೀರು ಕಂಡಳು. ಬಾಗಿಲಲ್ಲಿ ಸೊಸೆಯನ್ನು ಕಂಡಳು. ಬೆದರಿದಳು.

“ನಾ ದನಿ ತಗದ್ನೇನೋ?”

ವರ್ತಕ ಹೌದೆಂದು ತಲೆಯಾಡಿಸಿದ. ಅವಳ ಕೈ ಬಾಯಿಯ ಮೇಲೆ ಹೋಯಿತು. ಸೊಸೆ ನಗಲಿಲ್ಲ, ಒಳಗೂ ಹೋಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅಕ್ಕ ಬಾಯಿಯ ಮೇಲಿನ ಕೈ ತೆಗೆದಳು.

“ಮೊದಲಿನ ಸ್ವರ ಕೆಳಗ ಬಿತ್ತು” ಎಂದಳು. “ಮತ್ತ ಹಚ್ಚು.”

ಅವನು ಮತ್ತೆ ಹಚ್ಚಿದ. ಅವಳು ಮತ್ತೆ ಹಾಡಿದಳು. ಮತ್ತೆ ತಪ್ಪು ಕಂಡುಕೊಂಡಳು. ಮತ್ತೆ ಹಚ್ಚು ಎಂದಳು. ಮಧ್ಯಾಹ್ನದ ಊಟ ತಡವಾಯಿತು. ಅವನು ಹಿಂದಿರುಗಬೇಕಿದ್ದ ಬಸ್ಸು ಹೋಯಿತು. ಪ್ರತಿ ಸಲವೂ ಉಸಿರು ಬಂತು, ಪ್ರತಿ ಸಲವೂ ಅದರ ಹಿಂದೆ ಹಾಡು ಬಂತು. ನಡುವೆ ಯಾವಾಗಲೋ ವರ್ತಕ ಉಸಿರಿಗಾಗಿ ಕಾಯುವುದನ್ನು ಮರೆತ. ಮೊದಲಿನ ಸ್ವರ ಈ ಸಲವಾದರೂ ಅವಳಿಗೆ ಒಲಿಯಲಿ ಎಂದು ಕಾಯತೊಡಗಿದ.

ಸಂಜೆ ಅವಳು ದಣಿದು ಗೋಡೆಗೆ ಒರಗಿದಳು. ಮೊದಲಿನ ಸ್ವರ ಇನ್ನೂ ನೆಟ್ಟಗೆ ನಿಂತಿರಲಿಲ್ಲ. ವರ್ತಕ ಅವಳ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದ, “ಅಕ್ಕಾ, ಅವತ್ತ ಅಪ್ಪ ಅವ್ವ ಯಾರೂ ಮನ್ಯಾಗ ಇರಲಿಲ್ಲ. ನೀ ಉಸರ ತಗೊಂಡಿ. ಮತ್ಯಾಕ ಹಾಡಲಿಲ್ಲ?”

ಅಕ್ಕ ನಕ್ಕಳು. ಅವಳ ನಗೆಯಲ್ಲಿ ಮುನಿಸಿರಲಿಲ್ಲ.

“ನೀ ಇದ್ದಿಯಲ್ಲೋ, ನನ್ನ ಬಾಜೂಕ” ಎಂದಳು. “ಹಾಡಿದ್ರ ಅಪ್ಪಗ ಹೇಳ್ತಿದ್ದಿ.”

ಹೌದು, ಹೇಳುತ್ತಿದ್ದ. ಆ ವಯಸ್ಸಿನಲ್ಲಿ ಅವನು ಎಲ್ಲವನ್ನೂ ತಂದೆಗೆ ಹೇಳುತ್ತಿದ್ದ. ತಾನು ಜನ್ಮವೆಲ್ಲ ಅಮೃತದ ಹಾಗೆ ಕಾಪಾಡಿಕೊಂಡು ಬಂದದ್ದು ತನಗೆ ಹೆದರಿ ನಿಂತ ಒಂದು ಉಸಿರು. ಅವನು ಅಕ್ಕನ ಪಾದ ಮುಟ್ಟಿದ. ಅವಳು, “ಏ ಹುಚ್ಚಾ, ಏಳು. ಜ್ವಾಳ ಬಳದ ಹಾಕೋಣು” ಎಂದಳು. ಇಬ್ಬರೂ ಕುಳಿತು ಚೆಲ್ಲಿದ ಜೋಳವನ್ನು ಬಳಿದು ಮೊರಕ್ಕೆ ತುಂಬಿದರು.

ಮರುದಿನ ಬೆಳಗ್ಗೆ ಅವನು ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಟ. ಮುಳ್ಳು ಇಡುವುದನ್ನೂ ಗುಂಡಿ ತಿರುಗಿಸುವುದನ್ನೂ ಸೊಸೆಗೆ ತೋರಿಸಿಕೊಟ್ಟ. ಬರಿಗೈಯಲ್ಲಿ ಬಸ್ಸು ಹತ್ತಿದ. ದಾರಿಯಲ್ಲಿ ಗಾಳಿ, ಜನರ ಮಾತು, ಎಂಜಿನ್ನಿನ ಸದ್ದು ಎಲ್ಲ ಕಿವಿಗೆ ಬಿತ್ತು. ಅವನು ಯಾವುದಕ್ಕೂ ಕಿವಿ ಮುಚ್ಚಿಕೊಳ್ಳಲಿಲ್ಲ. ಮನೆ ಮುಟ್ಟಿದಾಗ ಹೆಂಡತಿ ಅಡುಗೆ ಮಾಡುತ್ತಿದ್ದಳು. ಅವನು ಹೋಗಿ ಅಡುಗೆಮನೆಯ ಗೋಡೆಗೆ ಒರಗಿ ಕುಳಿತ. ಯಂತ್ರ ಎಲ್ಲಿ ಎಂದು ಅವಳು ಕೇಳಿದಳು. ಅವನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಅವಳಿಗೆ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಮತ್ತೆ ಹಂಬಲವಾಯಿತು. ಆದರೆ ಈ ಸಲದ ಹಂಬಲ ಉಸಿರಿನದಲ್ಲ. ಹದಿವಯಸ್ಸಿನ ಅಕ್ಕ ಆ ದಿನ ಹೆದರದೆ ಹಾಡಿದ್ದರೆ ಹೇಗಿರುತ್ತಿತ್ತೋ ಆ ಹಾಡಿನದು. ಅದು ಯಾವ ಪ್ಲೇಟಿನಲ್ಲೂ ಇರಲಿಲ್ಲ. ಅದನ್ನು ಕೇಳಿಸುವ ಯಂತ್ರವನ್ನು ಯಾವ ಅಂಗಡಿಯವನೂ ಕೊಡಲಾರ.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿ ಖಾಲಿಯಾಗಿತ್ತು. ಅವರು ಕೈಗೆ ಅಂಟಿದ ಹುಣಸೆಯನ್ನು ನೀರಿನಲ್ಲಿ ತೊಳೆದುಕೊಂಡರು.

ಶಿಷ್ಯ ಕೇಳಿದ, “ಕೊನೆಗೆ ಆ ವರ್ತಕನಿಗೆ ನೆಮ್ಮದಿ ಸಿಕ್ಕಿತೇ, ಗುರುಗಳೇ?”

ಗುರುಗಳು ಅವನನ್ನು ನೋಡಿದರು.

“ಅಕ್ಕನಿಗೆ ಆ ಸ್ವರ ಸಿಕ್ಕಿತೇ ಎಂದು ನೀನೂ ಕೇಳಲಿಲ್ಲವಲ್ಲ, ಮಗು.”